ಅವರ ಪಾಲಿನ ಹೆಜ್ಜೆಗಳು

ನಮ್ಮದು ಬೈಂಡಿಂಗ್ ಅಂಗಡಿ. ಇಬ್ಬರೇ ಕೆಲಸಗಾರರು, ಗಂಡ ಮತ್ತು ಹೆಂಡತಿ. ಹಾಳೆ ಮಡಚಿ ಹೊಲಿಯುವುದು ನನ್ನ ಕೆಲಸ. ರಟ್ಟು ಕತ್ತರಿಸಿ, ಅಂಟು ಹಚ್ಚಿ, ಒತ್ತಿಡುವುದು ಅವರದು. ಆದರೆ ಇದು ಮಾತಿಗೆ ಮಾತ್ರ. ನನ್ನ ಮಣಿಕಟ್ಟು ಮುರಿದಿದ್ದ ಎರಡು ತಿಂಗಳು ನನ್ನ ಸೂಜಿ ಅವರ ಕೈಯಲ್ಲಿತ್ತು. ಅವರು ಕಾಮಾಲೆಯಾಗಿ ಮಲಗಿದ್ದಾಗ ಆ ದೊಡ್ಡ ಕಟಿಂಗ್ ಮೆಷಿನ್ನಿನ ಚಕ್ರ ತಿರುಗಿಸಿದವಳು ನಾನು. ಗಿರಾಕಿಗೆ ಯಾವುದೂ ಗೊತ್ತಾಗಲಿಲ್ಲ. ಹೇಳಿದ ದಿನಕ್ಕೆ ರಿಜಿಸ್ಟರುಗಳು ಹೋದವು, ಕೊನೆಯ ಪುಟಕ್ಕೆ ಅಂಗಡಿಯ ಮುದ್ರೆ ಬಿತ್ತು, ಅಷ್ಟೆ. ಯಾರ ಕೈಕೆಲಸ ಎಂದು ನಾವು ಯಾರಿಗೂ ಹೇಳಿದವರಲ್ಲ. ಮೂವತ್ತೊಂದು ವರ್ಷ ಇದೇ ನಮ್ಮ ಪದ್ಧತಿ. ಈ ಪದ್ಧತಿಯೇ ನನ್ನ ಗಂಡನನ್ನು ತಿಂದುಹಾಕಿತು ಎಂದರೆ ನೀವು ನಂಬಲಿಕ್ಕಿಲ್ಲ. ನಂಬದಿದ್ದರೆ ಬಿಡಿ, ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಹಳಿಯಾಚೆಯ ಶಾಲೆಗೆ ಹನ್ನೆರಡು ಹಾಜರಿ ಪುಸ್ತಕ ಕೊಡಬೇಕಿತ್ತು. ಕಟ್ಟನ್ನು ಹೆಗಲ ಮೇಲಿಟ್ಟುಕೊಂಡು ರೈಲು ಹಳಿಯ ಮೇಲಿನ ಕಾಲ್ಸೇತುವೆ ಹತ್ತಿದರು. ಅದಕ್ಕೆ ನಲವತ್ತೆರಡು ಮೆಟ್ಟಿಲು. ಅರ್ಧಕ್ಕೆ ಹೋಗುವಷ್ಟರಲ್ಲಿ ಎದೆ ಹಿಂಡಿದಂತಾಗಿ ಅಲ್ಲೇ ಕುಸಿದು ಕೂತರು. ನಮ್ಮ ಅಂಗಡಿಯ ಎದುರಿಗೆ ಬೀಗ ರಿಪೇರಿ ಮಾಡುವವನೊಬ್ಬನಿದ್ದಾನೆ, ಇಡೀ ಬೀದಿಗೆ ಅವನು ಬೀಗದವನು. ಅವನೇ ಅವರನ್ನು ಹೊತ್ತುಕೊಂಡು ಹೋಗಿ ಆಸ್ಪತ್ರೆಗೆ ಸೇರಿಸಿದ. ಎದೆಯ ನಾಳವೊಂದು ಕಟ್ಟಿಕೊಂಡಿತ್ತು, ಸ್ಟೆಂಟ್ ಹಾಕಿದರು. ಐದನೆಯ ದಿನ ಡಾಕ್ಟರು, "ಗಂಡಾಂತರ ಕಳೀತು. ಇನ್ನು ಔಷಧಿ ಅರ್ಧ, ನಡಿಗೆ ಅರ್ಧ. ನಡೀದಿದ್ರೆ ನಾವು ಮಾಡಿದ್ದೆಲ್ಲ ದಂಡ," ಎಂದು ಹೇಳಿ ನಮ್ಮನ್ನು ಆಸ್ಪತ್ರೆಯ ಹಿಂದಿನ ಕಟ್ಟಡಕ್ಕೆ ಕಳಿಸಿದರು.

ಅಲ್ಲಿ ಹೃದ್ರೋಗಿಗಳಿಗೆ ವ್ಯಾಯಾಮ ಮಾಡಿಸುವ ಕೋಣೆ. ಎರಡು ಟ್ರೆಡ್‌ಮಿಲ್ಲು, ನಿಂತಲ್ಲೇ ತುಳಿಯುವ ನಾಲ್ಕು ಸೈಕಲ್ಲು, ಆಚೆಗೆ ಮೂವತ್ತು ಮೀಟರಿನ ಒಂದು ಕಾರಿಡಾರು. ನೋಡಿಕೊಳ್ಳುವಾಕೆ ಮೂವತ್ತರ ಆಸುಪಾಸಿನ ತೆಳ್ಳಗಿನ ಹುಡುಗಿ. ಕೊರಳಲ್ಲಿ ಸದಾ ಒಂದು ಸ್ಟಾಪ್‌ವಾಚು ನೇತಾಡುತ್ತಿದ್ದುದರಿಂದ ನಮ್ಮವರು ಆಕೆಗೆ ವಾಚ್ ಮೇಡಂ ಎಂದು ಹೆಸರಿಟ್ಟರು. ಆಕೆ ಮೊದಲ ದಿನ ಅವರನ್ನು ಕಾರಿಡಾರಿನಲ್ಲಿ ಆರು ನಿಮಿಷ ಅತ್ತಿಂದಿತ್ತ ನಡೆಸಿ ದೂರ ಅಳೆದರು. ಮುನ್ನೂರು ಮೀಟರು. ಆಮೇಲೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿಯೊಂದನ್ನು ಕೊಟ್ಟರು. ನಡೆದರೆ ಅದು ಹೆಜ್ಜೆ ಎಣಿಸುತ್ತದೆ. ಜೊತೆಗೆ ಲೆಕ್ಕ ಬರೆದಿಡಲು ಒಂದು ಸಣ್ಣ ಪುಸ್ತಕ.

"ಮೊದಲ್ನೇ ಹಂತ ದಿನಕ್ಕೆ ಎರಡು ಸಾವಿರ ಹೆಜ್ಜೆ. ಆಮೇಲೆ ನಾಲ್ಕು, ಆಮೇಲೆ ಆರು. ಎರಡು ವಾರಕ್ಕೊಂದ್ಸಲ ಬುಧವಾರ ಬಂದು ತೋರಿಸ್ಬೇಕು. ಏನು ಮಾಡ್ಬೇಕು, ಏನು ಮಾಡ್ಬಾರ್ದು ಎಲ್ಲ ಮೊದಲ್ನೇ ಪುಟದಲ್ಲಿದೆ. ಮನೇಲಿ ಕೂತು ಓದ್ಕೊಳ್ಳಿ," ಎಂದರು.

ಮನೆಗೆ ಬಂದವರೇ ನಮ್ಮವರು ಮಾಡಿದ ಮೊದಲ ಕೆಲಸ ಆ ಪುಸ್ತಕಕ್ಕೆ ಮೂಗು ಮುರಿದದ್ದು. "ಇದೂ ಒಂದು ಪುಸ್ತಕವೇನೇ? ಎರಡು ಪಿನ್ನು ಹೊಡೆದು ಕೈ ತೊಳ್ಕೊಂಡಿದ್ದಾರೆ. ಹದಿನೈದು ದಿನಕ್ಕೆ ಎಲೆ ಎಲೆ ಉದುರತ್ತೆ." ಭಾರ ಎತ್ತಬಾರದೆಂದು ಹೇಳಿದ್ದರು, ಅಂಟು ಹಚ್ಚಬಾರದೆಂದು ಹೇಳಿರಲಿಲ್ಲವಲ್ಲ. ಪಿನ್ನು ಕಿತ್ತು ನನ್ನಿಂದ ಹೊಲಿಸಿ, ರಟ್ಟು ಕೂರಿಸಿ, ನೀಲಿ ಬಟ್ಟೆ ಹೊದಿಸಿ, ಗುರುತಿಗೊಂದು ಕೆಂಪು ದಾರವನ್ನೂ ಇಟ್ಟು ಒತ್ತುಯಂತ್ರದ ಕೆಳಗಿಟ್ಟರು. ಮಾರನೆಯ ದಿನ ತೆಗೆದಾಗ ಆಸ್ಪತ್ರೆಯ ಬಡಪುಸ್ತಕ ದೊಡ್ಡ ಮನುಷ್ಯರ ಡೈರಿಯಂತಿತ್ತು. ಬದುಕಿ ಬಂದ ಮನುಷ್ಯ ಕೆಲಸಕ್ಕೆ ಕೈ ಹಾಕಿದನಲ್ಲ ಎಂದು ನಾನು ಹಿಗ್ಗಿದೆ. ಓದಿಕೊಳ್ಳುವ ಮಾತು ಇಬ್ಬರಿಗೂ ಮರೆತೇಹೋಯಿತು.

ಎರಡು ದಿನ ಬೀದಿಯ ತಿರುವಿನವರೆಗೆ ಒಟ್ಟಿಗೆ ನಡೆದೆವು. ಮೂರನೆಯ ದಿನ ತಿರುವಿನಲ್ಲಿ ಅವರು ನಿಂತುಬಿಟ್ಟರು. ಗೋಡೆಗೆ ಕೈ ಕೊಟ್ಟಿದ್ದರು, ಹಣೆಯ ಮೇಲೆ ಬೆವರು ಕಟ್ಟಿತ್ತು. ಅಲ್ಲಿಂದ ನೋಡಿದರೆ ಕಾಲ್ಸೇತುವೆಯ ಮೆಟ್ಟಿಲು ಕಾಣಿಸುತ್ತದೆ.

"ನೋವಾ?" ಎಂದೆ.

"ಇಲ್ಲ ಕಣೇ."

"ಮತ್ತೇನ್ರೀ?"

"ಏನಿಲ್ಲ. ಮನೆಗೆ ಹೋಗೋಣ."

ನೋವಲ್ಲ, ಭಯ. ಭಯ ಎಂದು ಬಾಯಿ ಬಿಟ್ಟು ಹೇಳುವ ಗಂಡಸು ಅವರಲ್ಲ. ಅಂದಿನಿಂದ ಕಳ್ಳನಿಗೊಂದು ಪಿಳ್ಳೆ ನೆವ ಎಂಬಂತಾಯಿತು. ಒಂದು ದಿನ ಚಪ್ಪಲಿ ಕಚ್ಚಿತು, ಒಂದು ದಿನ ಮಂಡಿ ಹಿಡಿಯಿತು, ಒಂದು ದಿನ ಬಿಸಿಲು, ಒಂದು ದಿನ ತಿರುವಿನ ನಾಯಿ. ಆ ನಾಯಿ ಹುಟ್ಟಿದಾಗಿನಿಂದ ನಮ್ಮ ಕೈಯಿಂದ ಬ್ರೆಡ್ಡು ತಿಂದು ಬೆಳೆದದ್ದು. ನಾನು ಬೈದೆ, ಗೋಗರೆದೆ, ಒಂದು ದಿನ ಮಾತು ಬಿಟ್ಟೆ. ಅವರು ಅಂಗಡಿಯೊಳಗೇ ಮೇಜಿನ ಸುತ್ತ ನಾಲ್ಕು ಸುತ್ತು ಹಾಕಿ, "ಆಯ್ತಲ್ಲ, ಇದೂ ನಡಿಗೇನೇ," ಎಂದು ಕೂತರು.

ನಿಜ ಹೇಳಬೇಕೆಂದರೆ ನನಗೂ ಭಯವಿತ್ತು. ಅವರು ತಿರುವಿನಲ್ಲಿ ನಿಂತಾಗ ನನ್ನ ಜೀವ ಬಾಯಿಗೆ ಬಂದಿತ್ತು. ಹೊರಗೆ ಕಳಿಸಿ ಹೆಣವಾಗಿ ಬಂದರೆ ಏನು ಗತಿ ಎಂಬುದೊಂದೇ ಯೋಚನೆ. ಹಾಗಾಗಿ ನಾನು ಬೈಯುವ ಹಾಗೆ ಬೈದೆನೇ ಹೊರತು ಕೈ ಹಿಡಿದು ಎಳೆದುಕೊಂಡು ಹೋಗಲಿಲ್ಲ. ಇದನ್ನು ಈಗ ಹೇಳುವುದು ಸುಲಭ.

ಮೊದಲ ಬುಧವಾರದ ಹಿಂದಿನ ಸಂಜೆ ಡಬ್ಬಿ ನೋಡಿದರೆ ಆರುನೂರು ಹೆಜ್ಜೆ. ಎರಡು ಸಾವಿರಕ್ಕೆ ಸಾವಿರದ ನಾನೂರು ಕಡಿಮೆ. ಅವರು ಮುಖ ಸಣ್ಣಗೆ ಮಾಡಿಕೊಂಡು ಕೂತಿದ್ದರು. ನಾನು ಹಾಲು ತರಲು ಹೊರಟವಳು ಡಬ್ಬಿಯನ್ನು ನನ್ನ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಯೋಚಿಸಿ ಮಾಡಿದ್ದಲ್ಲ. ಹೊತ್ತಾದ ಮೇಲೂ ಒಬ್ಬರ ಪಾಲಿನ ಹತ್ತು ರಿಜಿಸ್ಟರು ಉಳಿದಿದ್ದರೆ ಇನ್ನೊಬ್ಬರು ಕೈ ಸೇರಿಸುವುದು ನಮ್ಮ ಮನೆಯಲ್ಲಿ ಉಸಿರಾಡಿದಷ್ಟೇ ಸಹಜ. ಹಾಲಿನ ಅಂಗಡಿ ದಾಟಿ, ಉದ್ಯಾನದ ಸುತ್ತ ಒಂದು ಸುತ್ತು ಹಾಕಿ ಬಂದೆ. ಎರಡು ಸಾವಿರದ ನಲವತ್ತು. ಅವರು ಡಬ್ಬಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ನಲವತ್ತು ಜಾಸ್ತಿ ಯಾಕೆ ನಡ್ದೆ? ಓವರ್‌ಟೈಮಾ?" ಎಂದರು. ಎಷ್ಟೋ ದಿನಗಳ ಮೇಲೆ ಇಬ್ಬರೂ ನಕ್ಕೆವು. ಆ ನಗುವಿನಲ್ಲೇ ನಾನು ನೀಲಿ ಪುಸ್ತಕದಲ್ಲಿ 2040 ಎಂದು ಬರೆದೆ. ಹಿಂದಿನ ಖಾಲಿ ದಿನಗಳಿಗೂ ಎರಡು ಸಾವಿರದ ಆಸುಪಾಸಿನ ಅಂಕಿಗಳನ್ನು ತುಂಬಿದೆ.

ಮಾರನೆಯ ದಿನ ವಾಚ್ ಮೇಡಂ ಪುಸ್ತಕ ಹಿಡಿದು ಬೆರಗಾದರು. "ಯಾರೂ ಇಷ್ಟು ಮರ್ಯಾದೆ ಕೊಟ್ಟಿರಲಿಲ್ಲ ನಮ್ಮ ಪುಸ್ತಕಕ್ಕೆ," ಎಂದು ಕೋಣೆಯವರಿಗೆಲ್ಲ ಎತ್ತಿ ತೋರಿಸಿದರು. ಪಕ್ಕದ ಸೈಕಲ್ಲಿನಲ್ಲಿ ಕೂತಿದ್ದವರು ರಿಟೈರಾದ ಬಸ್ ಡ್ರೈವರು, ಬೈಪಾಸ್ ಆದವರು. "ಬುಕ್ಕಿಗೇ ಇಷ್ಟು ಅಲಂಕಾರ ಮಾಡಿರೋರು ನಡಿಗೇಲಿ ಹಿಂದೆ ಬೀಳ್ತಾರಾ?" ಎಂದರು. ನಮ್ಮವರು ಹುಬ್ಬು ಹಾರಿಸಿ ಸೈಕಲ್ ಹತ್ತಿದರು. ಅಲ್ಲಿ ಮಾತ್ರ ಅವರಿಗೆ ಭಯವಿರಲಿಲ್ಲ. ಎದೆಗೆ ತಂತಿಗಳನ್ನು ಅಂಟಿಸಿರುತ್ತಿದ್ದರು, ಪರದೆಯ ಮೇಲೆ ಗೆರೆ ಓಡುತ್ತಿತ್ತು, ಡಾಕ್ಟರು ಕೂಗಳತೆಯಲ್ಲಿದ್ದರು. ಹತ್ತು ನಿಮಿಷ ನಿಧಾನಕ್ಕೆ ಸೈಕಲ್ ತುಳಿದು ಬರುವುದು ಅವರಿಗೆ ಕಷ್ಟವಾಗಲಿಲ್ಲ. ಮೇಡಂ ಅವರನ್ನು ಎರಡನೆಯ ಹಂತಕ್ಕೆ ಏರಿಸಿದರು.

ಆಮೇಲೆ ಡಬ್ಬಿ ನನ್ನ ಸೊಂಟದಿಂದ ಇಳಿಯಲೇ ಇಲ್ಲ. ನಾಲ್ಕು ಸಾವಿರಕ್ಕೆ ಉದ್ಯಾನದ ಸುತ್ತ ನಾಲ್ಕು ಸುತ್ತು, ಆರು ಸಾವಿರಕ್ಕೆ ಆರು ಸುತ್ತು ಮತ್ತು ನೀರಿನ ಟ್ಯಾಂಕಿನವರೆಗೆ ಹೋಗಿ ಬರುವುದು. ಬೆಳಿಗ್ಗೆ ನಾನು ಸರಸರ ಹೊರಟರೆ ಬೀಗದವನು ಷಟರ್ ಎತ್ತುತ್ತಾ, "ಅಕ್ಕಾ, ಯಾರನ್ನ ಹಿಡಿಯೋಕೆ ಹೊರಟ್ರಿ? ಅಣ್ಣ ಒಳಗೇ ಕೂತಿದ್ದಾರೆ," ಎನ್ನುತ್ತಿದ್ದ. ನನ್ನ ಮಂಡಿನೋವು ಹೋಯಿತು. ಮೊದಲೆಲ್ಲ ಎರಡು ರಿಜಿಸ್ಟರು ಎತ್ತಿದರೆ ಏದುಸಿರು ಬರುತ್ತಿತ್ತು, ಈಗ ಕಟ್ಟು ಕಟ್ಟೇ ಎತ್ತುತ್ತಿದ್ದೆ. ಪರವೂರಿನಲ್ಲಿರುವ ಮಗಳು ಫೋನ್ ಮಾಡಿ, "ಅಮ್ಮಾ, ಅಪ್ಪ ನಡೀತಿದ್ದಾರಾ?" ಎಂದರೆ, "ಪುಸ್ತಕದಲ್ಲಿ ಬರೆದಿದೆ ನೋಡು," ಎನ್ನುತ್ತಿದ್ದೆ. ಸುಳ್ಳಲ್ಲವಲ್ಲ, ಬರೆದಿತ್ತು.

ಒಳಗೆ ಕೂತ ಮನುಷ್ಯ ಮಾತ್ರ ದಿನದಿನಕ್ಕೆ ಮೆತ್ತಗಾದರು. ಹೊಟ್ಟೆ ಬಂತು. ಹಿಂದಿನ ಕೋಣೆಯಿಂದ ರಟ್ಟಿನ ಹಾಳೆ ತಂದರೆ ಸ್ಟೂಲಿನ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದರು. ನನ್ನ ಕಣ್ಣಿಗೆ ಕಾಣುತ್ತಿತ್ತು. ಇನ್ನೊಂದು ವಾರ, ಸ್ವಲ್ಪ ಗಟ್ಟಿಯಾಗಲಿ, ಆಮೇಲೆ ಅವರೇ ನಡೆಯುತ್ತಾರೆ ಎಂದುಕೊಂಡು ವಾರಗಳನ್ನು ದೂಡಿದೆ. ನಡೆಯದೆ ಗಟ್ಟಿಯಾಗುವುದು ಹೇಗೆ ಎಂದು ನನ್ನ ಬುದ್ಧಿಗೆ ಹೊಳೆಯಲಿಲ್ಲ; ಅದಕ್ಕೆ ಮಂಕು ಕವಿದಿತ್ತು.

ಎಂಟನೆಯ ವಾರ ಮತ್ತೆ ಕಾರಿಡಾರಿನ ಪರೀಕ್ಷೆ. ಆರು ನಿಮಿಷ. ನಮ್ಮವರು ಎರಡು ಸಲ ನಿಂತು ಗೋಡೆ ಹಿಡಿದರು. ಮೇಡಂ ವಾಚು ಒತ್ತಿ, ಲೆಕ್ಕ ಹಾಕಿ, ಮತ್ತೆ ಹಾಕಿದರು. ಇನ್ನೂರ ತೊಂಬತ್ತು ಮೀಟರು. ಬಂದ ದಿನಕ್ಕಿಂತ ಹತ್ತು ಕಡಿಮೆ. ಮೇಡಂ ಮುಖ ಕಪ್ಪಿಟ್ಟಿತು. ಪುಸ್ತಕವನ್ನೂ ನಮ್ಮನ್ನೂ ಡಾಕ್ಟರ ಬಳಿಗೆ ಕರೆದುಕೊಂಡು ಹೋದರು.

ಡಾಕ್ಟರು ಪುಟ ತಿರುವಿದರು. "ಒಂದು ದಿನಾನೂ ತಪ್ಪಿಸಿಲ್ಲ. ಇಷ್ಟು ನಡೆದೂ ಶಕ್ತಿ ಬಂದಿಲ್ಲ ಅಂದ್ರೆ ಹೃದಯದಲ್ಲೇ ಏನೋ ಇದೆ. ಎದೆನೋವು ಬರುತ್ತಾ?"

"ಇಲ್ಲ ಡಾಕ್ಟ್ರೇ."

"ಹಾಗಾದ್ರೆ ಇನ್ನೆರಡು ವಾರ ಇದೇ ಹಂತದಲ್ಲಿ ಮುಂದುವರಿಸಿ. ಆರು ಸಾವಿರ, ಜೊತೆಗೆ ಎರಡು ಮಹಡಿ ಮೆಟ್ಟಿಲು. ಆಗ್ಲೂ ಹೀಗೇ ಇದ್ರೆ ಮತ್ತೆ ಆಂಜಿಯೋಗ್ರಾಮ್ ಮಾಡೋಣ. ಬೈಪಾಸೇ ಬೇಕಾಗಬಹುದು."

ಆಗ ಬಾಯಿ ಬಿಡಬೇಕಿತ್ತು. ಡಾಕ್ಟ್ರೇ, ನಡೆದದ್ದು ನಾನು. ಮೂರೇ ಮಾತು. ನಾಲಿಗೆಯ ತುದಿಗೆ ಬಂತು. ಮೇಜಿನ ಕೆಳಗೆ ನಮ್ಮವರು ನನ್ನ ಕೈ ಹಿಡಿದು ಒತ್ತಿದರು. ಎದುರಿಗೆ ವಾಚ್ ಮೇಡಂ ನಮಗಾಗಿ ಮರುಗುತ್ತಾ ನಿಂತಿದ್ದರು. ಆ ಮುಖದ ಮುಂದೆ ಕಳ್ಳಿಯಾಗಲು ನನಗೆ ಧೈರ್ಯ ಸಾಲಲಿಲ್ಲ. ಸುಮ್ಮನೆ ಎದ್ದು ಬಂದೆ.

ಅಂಗಡಿಗೆ ಬಂದು ಅರ್ಧ ಷಟರ್ ಎಳೆದು ನಾನು ಕೂಗಾಡಿದೆ. ಮೂವತ್ತೊಂದು ವರ್ಷದಲ್ಲಿ ಅಷ್ಟು ಕೂಗಾಡಿರಲಿಲ್ಲ.

"ನಾಳೇನೇ ಹೋಗಿ ಹೇಳ್ತೀನಿ. ಸುಮ್‌ಸುಮ್ನೆ ನಿಮ್ಮೆದೆ ಸೀಳಿಸೋಕೆ ನಾನು ಒಪ್ಪಲ್ಲ."

"ಹೇಳಿ ಏನು ಮಾಡ್ತೀಯ? ಎಂಟು ವಾರ ಸುಳ್ಳು ಬರೆದೋಳು ಅಂತ ನಿನ್ನ ನೋಡ್ತಾರೆ. ಹೆಂಡ್ತಿ ಸೆರಗಿನ ಹಿಂದೆ ಅವಿತ್ಕೊಂಡೋನು ಅಂತ ನನ್ನ ನೋಡ್ತಾರೆ. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ."

"ಮಾನ ಇಟ್ಕೊಂಡು ಏನ್ರೀ ಮಾಡ್ತೀರಾ, ಜೀವಾನೇ ಹೋದ್ಮೇಲೆ?"

ಅವರು ಅಂಟಿನ ಬ್ರಷ್ಷು ಎತ್ತಿಕೊಂಡು ಅದರ ಕೂದಲು ಬಿಡಿಸತೊಡಗಿದರು. ಆಮೇಲೆ ತಲೆ ಎತ್ತದೆಯೇ ಹೇಳಿದರು. "ನಂಗೆ ಭಯ ಕಣೇ. ಆ ತಿರುವು ದಾಟಿದ್ರೆ ಮತ್ತೆ ಹಾಗೇ ಆಗತ್ತೆ ಅನ್ನಿಸತ್ತೆ."

ಮೊದಲ ಸಲ ಹೇಳಿದ್ದು. ನನಗೆ ಅಳು ಬಂತು. ಆ ಒಂದು ಮಾತು ಎಂಟು ವಾರದ ಹಿಂದೆ ವಾಚ್ ಮೇಡಂ ಮುಂದೆ ಬಂದಿದ್ದರೆ ಸಾಕಿತ್ತು. ಪಕ್ಕ ಕೂತು ಕೈ ಹಿಡಿದೆ.

"ಎರಡು ವಾರ ಕೊಡು," ಎಂದರು. "ನಾನೇ ನಡೀತೀನಿ. ನಿನ್ನಾಣೆ. ಹಿಂದೆ ಬಿದ್ದ ಆರ್ಡರ್ ಎಷ್ಟು ಸಲ ಮುಗಿಸಿಲ್ಲ ನಾವು? ಒಂದು ತಿಂಗಳ ಕೆಲಸಾನ ನಾಲ್ಕು ದಿನದಲ್ಲಿ ಎಳೆದು ಹಾಕಿಲ್ವಾ? ಇದೂ ಹಾಗೇ. ಮುಂದಿನ ಪರೀಕ್ಷೆಗೆ ನಾನೇ ನಾನೂರು ಮೀಟರ್ ನಡೆದು ತೋರಿಸ್ತೀನಿ. ಆಗ ಯಾರಿಗೂ ಏನೂ ಹೇಳೋದೇ ಬೇಡ."

ನಾನು ಒಪ್ಪಿದೆ. ಕೆಲಸ ಹಿಂದೆ ಬಿದ್ದರೆ ರಾತ್ರಿ ಹಗಲು ಕೂತು ಮುಗಿಸುವುದು ನಮಗೆ ಗೊತ್ತಿದ್ದ ಒಂದೇ ದಾರಿ. ಹೃದಯಕ್ಕೂ ಅದೇ ದಾರಿ ಎಂದು ನಂಬಿದೆವು.

ಮಾರನೆಯ ದಿನ ಅವರು ಡಬ್ಬಿ ಸಿಕ್ಕಿಸಿಕೊಂಡು ಹೊರಟರು. ಜೊತೆಗೆ ಬರುತ್ತೇನೆಂದರೆ, "ನೀನು ಬಂದ್ರೆ ನಿನ್ನ ಮುಖ ನೋಡಿ ಭಯ ಜಾಸ್ತಿ ಆಗತ್ತೆ," ಎಂದು ಬೇಡವೆಂದರು. ಮೂರು ಸಾವಿರ. ನಾನು ಬಾಗಿಲಲ್ಲೇ ನಿಂತಿದ್ದೆ. ಬೆವೆತು ಬಂದರು, ಆದರೆ ಮುಖದಲ್ಲಿ ಬೆಳಕಿತ್ತು. ಎರಡನೆಯ ದಿನ ಐದು ಸಾವಿರ. ಮೂರನೆಯ ದಿನ ಆರೂವರೆ ಸಾವಿರ, ಉದ್ಯಾನ ದಾಟಿ ಟ್ಯಾಂಕಿನವರೆಗೆ. ಊಟ ಮಾಡಿದವರು ಕೂತಲ್ಲೇ ನಿದ್ದೆ ಹೋದರು. ನಾನು ಅವರ ಕಾಲು ಒತ್ತುತ್ತಾ ನಮ್ಮ ಕಷ್ಟ ಕಳೆಯಿತು ಎಂದುಕೊಂಡೆ. ಪುಸ್ತಕದಲ್ಲಿ ಆ ಮೂರು ಅಂಕಿಗಳನ್ನು ಅವರೇ ತಮ್ಮ ಕೈಯಿಂದ ಬರೆದರು. ಆ ಪುಸ್ತಕದಲ್ಲಿ ಸತ್ಯವಾದವು ಅವು ಮೂರೇ.

ನಾಲ್ಕನೆಯ ದಿನ ಬೆಳಿಗ್ಗೆ ನಾನು ಹಾಳೆ ಮಡಚುತ್ತಿದ್ದೆ. ಅವರು ಚಪ್ಪಲಿ ಮೆಟ್ಟುತ್ತಾ, "ಇವತ್ತು ಮೆಟ್ಟಿಲು," ಎಂದರು. ಯಾವ ಮೆಟ್ಟಿಲು ಎಂದು ನಾನು ಕೇಳಲಿಲ್ಲ. ಪಕ್ಕದ ಗೋದಾಮಿನ ಮೆಟ್ಟಿಲು ಎಂದುಕೊಂಡೆ. ಮುಕ್ಕಾಲು ಗಂಟೆಯ ಮೇಲೆ ಬೀಗದವನು ಬಾಗಿಲಿಗೆ ಬಂದು ನಿಂತ. ಸದಾ ಏನಾದರೊಂದು ತಮಾಷೆ ಆಡುವ ಮನುಷ್ಯ, "ಅಕ್ಕಾ, ಕಾಲ್ಸೇತುವೆ," ಎಂದನಷ್ಟೆ.

ಕಾಲ್ಸೇತುವೆಗೆ ಹೋಗಿದ್ದರು. ಅಲ್ಲಿ ತರಕಾರಿ ಮಾರುವಾಕೆ ನೋಡಿದ್ದಳು: ನಲವತ್ತೆರಡು ಮೆಟ್ಟಿಲೂ ಹತ್ತಿ, ಇಳಿದು, ಮತ್ತೆ ಹತ್ತಿ, ಮತ್ತೆ ಇಳಿದು, ಮೂರನೆಯ ಸಲ ಹತ್ತುವಾಗ ಕಂಬಿ ಹಿಡಿದು ಕೂತರಂತೆ. ಸುಧಾರಿಸಿಕೊಳ್ಳುತ್ತಿದ್ದಾರೆ ಎಂದುಕೊಂಡಳಂತೆ. ನಾನು ಹೋದಾಗ ಮೈ ಇನ್ನೂ ಬೆಚ್ಚಗಿತ್ತು. ಕನ್ನಡಕ ತೆಗೆದು ಮಡಚಿ ಜೇಬಿಗಿಟ್ಟುಕೊಂಡಿದ್ದರು. ಸೊಂಟದಲ್ಲಿ ಡಬ್ಬಿ ಇತ್ತು. ಅದರ ಕಡೆಗೆ ನೋಡಲು ನನ್ನಿಂದಾಗಲಿಲ್ಲ.

ಮಣ್ಣು ಮಾಡಿ ಬಂದೆವು. ಮಗಳು ಬಂದಳು, ಹನ್ನೆರಡು ದಿನ ಇದ್ದಳು, ಹೋದಳು. ಅವಳಿಗೂ ನಾನು ಹೇಳಲಿಲ್ಲ. "ಅಷ್ಟು ನಡೆದ್ರಲ್ಲಮ್ಮಾ ಅಪ್ಪ," ಎಂದು ಅವಳು ಅತ್ತಾಗ ಅವಳ ತಲೆ ಸವರಿದೆ. ಎಂಥ ಹೆಂಗಸು ನಾನು ಎಂದು ನನಗೇ ಅಸಹ್ಯವಾಯಿತು.

ಒಂದು ಮಧ್ಯಾಹ್ನ ಬಸ್ ಡ್ರೈವರು ಅಂಗಡಿಗೆ ಬಂದರು. ನಮ್ಮವರ ಸ್ಟೂಲಿನ ಮೇಲೆ ಕೂತರು.

"ನಾವ್ಯಾರೂ ಈಗ ಹೋಗ್ತಿಲ್ಲಮ್ಮ ಅಲ್ಲಿಗೆ," ಎಂದರು.

"ಯಾಕೆ?"

"ಇನ್ಯಾಕೆ? ನಿಮ್ಮೆಜಮಾನ್ರು ಒಂದು ದಿನ ಬಿಡದೆ ನಡೆದ್ರು. ಬುಕ್ಕು ನಾವೇ ನೋಡಿದ್ವಿ. ಅಂಥವ್ರೇ ಹೋದ್ರು. ನಡೆದೋನೂ ಸಾಯ್ತಾನೆ, ಕೂತೋನೂ ಸಾಯ್ತಾನೆ ಅಂದ್ಮೇಲೆ ಕೂತೇ ಸಾಯೋಣ ಅಂತ. ಇನ್ನೊಬ್ಬರು ಮೇಷ್ಟ್ರು ಬರ್ತಿದ್ರಲ್ಲ, ಅವರ ಮನೆಯೋರು ಅವರನ್ನ ಮಂಚದಿಂದ ಇಳಿಯೋಕೇ ಬಿಡ್ತಿಲ್ಲ. ಆ ಹುಡುಗೀನೂ ಪಾಪ, ಆಸ್ಪತ್ರೆಯೋರು ವಿವರಣೆ ಕೇಳಿದ್ದಾರಂತೆ. ಬಂದ ಒಬ್ಬಿಬ್ರಿಗೂ ಕೈಕಾಲು ಆಡಿಸೋದು ಬಿಟ್ಟು ಬೇರೇನೂ ಮಾಡಿಸ್ತಿಲ್ಲ."

ಅವರು ಹೋದ ಮೇಲೆ ನೀಲಿ ಪುಸ್ತಕ ತೆಗೆದೆ. ಅಂಥದ್ದೇನು ಬರೆದಿದ್ದೇನೆ ನಾನು, ಇಷ್ಟು ಜನರನ್ನು ಮಲಗಿಸುವಂಥದ್ದು ಎಂದು ನೋಡಬೇಕೆನಿಸಿತು. ರಟ್ಟು ತೆರೆದಾಗ ಹೆಬ್ಬೆರಳಿಗೆ ಒಂದು ದಪ್ಪ ಸಿಕ್ಕಿತು. ಮೂವತ್ತೊಂದು ವರ್ಷ ಹಾಳೆ ಮುಟ್ಟಿದ ಬೆರಳು, ಅದಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ರಿಜಿಸ್ಟರುಗಳಲ್ಲಿ ಮೊದಲ ಹಾಳೆ ಖಾಲಿ ಇರುತ್ತದೆ. ಅದಕ್ಕೆ ಅಂಟು ಹಚ್ಚಿ ರಟ್ಟಿಗೆ ಕೂರಿಸುವುದೇ ನಮ್ಮ ಕ್ರಮ. ಅವರ ಕೈ ರೂಢಿಯಂತೆ ಇಲ್ಲೂ ಅದನ್ನೇ ಮಾಡಿತ್ತು. ಈ ಪುಸ್ತಕದ ಮೊದಲ ಹಾಳೆ ಖಾಲಿ ಇರಲಿಲ್ಲ.

ಒದ್ದೆ ಬಟ್ಟೆ ಒತ್ತಿಟ್ಟು, ಅಂಟು ನೆನೆದ ಮೇಲೆ, ಹಾಳೆಯ ಮಡಿಕೆ ತೀಡುವ ಎಲುಬಿನ ಕತ್ತಿಯಿಂದ ನಿಧಾನವಾಗಿ ಎಬ್ಬಿಸಿದೆ. ಅಕ್ಷರ ಸ್ವಲ್ಪ ಹರಡಿದ್ದರೂ ಓದಬಹುದಿತ್ತು. ಭಯವಾದರೆ ನಾಚಿಕೆ ಬೇಡ, ನಮಗೆ ಹೇಳಿ, ಜೊತೆಗೆ ನಡೆಯಲು ಜನ ಕೊಡುತ್ತೇವೆ. ಮಾತಾಡುತ್ತಾ ನಡೆಯಲು ಆಗದಿದ್ದರೆ ವೇಗ ಹೆಚ್ಚಾಯಿತು ಎಂದರ್ಥ. ತಪ್ಪಿದ ದಿನ ತಪ್ಪಿತು. ಅದನ್ನು ಮುಂದಿನ ದಿನಕ್ಕೆ ಸೇರಿಸಿ ನಡೆಯಬೇಡಿ. ಒಂದು ವಾರಕ್ಕಿಂತ ಹೆಚ್ಚು ತಪ್ಪಿದರೆ ಮತ್ತೆ ಮೊದಲ ಹಂತದಿಂದ ಶುರುಮಾಡಿ.

ನೆಲದ ಮೇಲೆ ಕೂತು ಅದನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಮಾಡಿದವಳು ನಾನು, ಉಂಡವರು ಅವರು. ಈಗ ಡ್ರೈವರೂ ಆ ಮೇಷ್ಟರೂ ಉಣ್ಣಬೇಕೇ?

ಬುಧವಾರ ಹೋದೆ. ಹೋಗುವ ಮೊದಲು ಡ್ರೈವರ ಮನೆಗೆ ಹೋಗಿ, "ಇವತ್ತೊಂದು ದಿನ ಬನ್ನಿ, ನಿಮ್ಮ ಜೊತೆಯೋರನ್ನೂ ಕರ್ಕೊಂಡು ಬನ್ನಿ. ಅವರ ವಿಷಯ ಹೇಳೋದಿದೆ," ಎಂದಿದ್ದೆ. ಸತ್ತವರ ಹೆಂಡತಿ ಕರೆದಳೆಂದು ಐದು ಜನ ಬಂದಿದ್ದರು. ಮೇಷ್ಟರನ್ನು ಮಗ ಕೈ ಹಿಡಿದು ಕರೆತಂದಿದ್ದ. ವಾಚ್ ಮೇಡಂ ಮೂಲೆಯ ಮೇಜಿನಲ್ಲಿದ್ದರು, ಸೊರಗಿದ್ದರು. ನನ್ನನ್ನು ಕಂಡು ಎದ್ದು ನಿಂತು, "ನಾನು ಜಾಸ್ತಿ ಮಾಡಿಸ್ಬಿಟ್ಟೆ ಅನ್ನಿಸತ್ತಮ್ಮ. ನೀವು ಬೈದ್ರೂ ಸರಿ," ಎಂದರು.

ನಾನು ಡಬ್ಬಿ ಮತ್ತು ಪುಸ್ತಕವನ್ನು ಮೇಜಿನ ಮೇಲಿಟ್ಟೆ. "ಅವರು ನಡೀಲಿಲ್ಲ," ಎಂದೆ. "ಎಂಟು ವಾರದ ಲೆಕ್ಕ ಬರೆದೋಳು ನಾನು, ಈ ಡಬ್ಬಿ ಕಟ್ಕೊಂಡು ನಡೆದೋಳೂ ನಾನು. ಕೊನೇ ಮೂರು ದಿನದ್ದು ಮಾತ್ರ ಅವರದ್ದು. ನಾಲ್ಕನೇ ದಿನ ಎಲ್ಲಾನೂ ಒಂದೇ ಸಲಕ್ಕೆ ಮುಗಿಸೋಕೆ ಹೋಗಿ ಸತ್ರು. ನಡಿಗೆಯಿಂದ ಸತ್ತಿದ್ದಲ್ಲ. ನಡೀದೆ ಸತ್ತಿದ್ದು."

ಮೇಷ್ಟರ ಮಗ ತಲೆಯಾಡಿಸಿ, "ನಿಮ್ಮ ದೊಡ್ಡ ಮನಸ್ಸಮ್ಮಾ. ಮೇಡಂ ಕೆಲಸ ಉಳಿಸೋಕೆ ಹೀಗೆ ಹೇಳ್ತಿದ್ದೀರಿ," ಎಂದ. ಡ್ರೈವರೂ ಹೌದೆನ್ನುವ ಹಾಗೆ ನೆಲ ನೋಡಿದರು. ನನಗೆ ರೇಗಿತು. ಸುಳ್ಳು ಬರೆದಾಗ ಎಲ್ಲರೂ ನಂಬಿದರು, ನಿಜ ಹೇಳಿದರೆ ದೊಡ್ಡ ಮನಸ್ಸಂತೆ.

"ವಾಚು ಹಿಡ್ಕೊಳ್ಳಿ," ಎಂದೆ ಮೇಡಂಗೆ.

ಕಾರಿಡಾರಿನ ಆ ತುದಿಗೆ ಹೋಗಿ ನಿಂತೆ. ಆಕೆಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಬಂದು ವಾಚು ಒತ್ತಿದರು. ನಾನು ನಡೆದೆ. ಐವತ್ತನಾಲ್ಕು ವರ್ಷದ ಹೆಂಗಸು, ಇಪ್ಪತ್ತು ದಿನದಿಂದ ಸರಿಯಾಗಿ ಊಟ ನಿದ್ದೆ ಇಲ್ಲದವಳು. ನಿಂತುಬಿಡಲಿ, ಏದುಸಿರು ಬರಲಿ, ಈ ಕಾಲು ಸೋಲಲಿ, ಅವರಿಗೆ ಸೇರಬೇಕಿದ್ದ ಬಲ ನನ್ನಲ್ಲಿ ಇಲ್ಲದಿರಲಿ ಎಂದು ಒಳಗೊಳಗೆ ಬೇಡಿಕೊಂಡೆ. ಕಾಲು ಸೋಲಲಿಲ್ಲ. ಉದ್ಯಾನದ ಸುತ್ತು ಸುತ್ತಿ ಗಟ್ಟಿಯಾಗಿದ್ದ ಕಾಲು, ತಿರುಗಿ ತಿರುಗಿ ಹೆಜ್ಜೆ ಹಾಕಿತು. ಒಂಬತ್ತನೆಯ ಸಲ ದಾಟುವಾಗ ನಮ್ಮವರು ಗೋಡೆ ಹಿಡಿದು ನಿಂತಿದ್ದ ಜಾಗ ಕಂಡಿತು. ಅಲ್ಲಿ ಗೋಡೆಯ ಬಣ್ಣ ಕೈ ತಗುಲಿ ಮಾಸಿತ್ತು. ಅಳು ಬಂತು, ನಡಿಗೆ ನಿಲ್ಲಿಸಲಿಲ್ಲ.

ಆರು ನಿಮಿಷ ಮುಗಿಯಿತು. ಹದಿನೆಂಟು ಸಲ, ಐನೂರ ನಲವತ್ತು ಮೀಟರು. ಮೇಡಂ ನನ್ನ ಮಣಿಕಟ್ಟು ಹಿಡಿದು ನಾಡಿ ನೋಡಿದರು, ಒಂದು ನಿಮಿಷ ಬಿಟ್ಟು ಮತ್ತೆ ನೋಡಿದರು. ಆಕೆಯ ಕಣ್ಣು ತುಂಬಿತ್ತು. "ಪುಸ್ತಕದಲ್ಲಿರೋ ನಡಿಗೆ ಇಲ್ಲಿದೆ," ಎಂದು ಉಳಿದವರಿಗೆ ಹೇಳಿದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಡ್ರೈವರು ಸೈಕಲ್ಲಿನ ಹತ್ತಿರ ಹೋಗಿ ಅಂಗಿಯ ಗುಂಡಿ ಬಿಚ್ಚಿ, "ತಂತಿ ಹಾಕಮ್ಮ," ಎಂದರು. ಮೇಷ್ಟರು ಮಗನ ಕೈ ಬಿಡಿಸಿಕೊಂಡು ಬೆಂಚಿನಿಂದ ಎದ್ದರು.

ಮೇಡಂ ನನ್ನ ಪರೀಕ್ಷೆಯನ್ನು ಬರೆದುಕೊಳ್ಳಲು ಹೊಸ ಹಾಳೆ ತೆಗೆದರು. ಆಕೆಗೆ ಅದು ದಿನನಿತ್ಯದ ಕೆಲಸ, ಪೆನ್ನು ಹಿಡಿದು, "ಹೆಸರು?" ಎಂದರು.

ಅವರ ಹೆಸರು ಬಾಯಿಗೆ ಬಂತು, ರೂಢಿಯಲ್ಲವೇ. ತಡೆದು, ನನ್ನ ಹೆಸರು ಹೇಳಿದೆ.